ವಣಿಕ್ಸಭೆಯ ಮರ್ಯಾದೆ: ಕಾರವಾರ–ಅಂಕೋಲೆಗಳ ಚರಿತ್ರೆಯಿಂದ ಒಂದು ವಿಚಾರ

೧. ಪೀಠಿಕೆ

ಸಂದರ್ಭವನ್ನರಿತು ನುಡಿಯುವ ಶಕ್ತಿಯೂ, ನುಡಿದದ್ದನ್ನು ಗ್ರಹಿಸಿ ವಿಮರ್ಶಿಸುವ ಶಕ್ತಿಯೂ ಕನ್ನಡನಾಡಿನ ಜನರಿಗೆ ಉಂಟೆಂಬ ಅಭಿಪ್ರಾಯವು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಬಂದಿರುವುದು ಸರ್ವವಿದಿತವಾಗಿದೆ. ಈ ಪ್ರಶಂಸೆಯನ್ನು ಪಂಡಿತರು ಬಹುಮಟ್ಟಿಗೆ ಕಾವ್ಯವಿಷಯಕ್ಕೇ ಅನ್ವಯಿಸಿದ್ದಾರೆ. ಆದರೆ ಅದರಲ್ಲಿ ವಕ್ತೃವಿನ ಗುಣವೂ ಶ್ರೋತೃವಿನ ಗುಣವೂ ಸಮಾನಸ್ಥಾನದಲ್ಲಿ ನಿಂತಿರುವುದನ್ನು ಗಮನಿಸಬೇಕು. ನುಡಿಯುವವನಿಗೆ ಮಾತ್ರ ನಿಯಮಗಳಿದ್ದು ಕೇಳುವವನು ಸರ್ವಸ್ವತಂತ್ರನೆಂಬ ಎಣಿಕೆಗೆ ಅಲ್ಲಿ ಎಡೆಯಿಲ್ಲ.

ಕಾವ್ಯಗೋಷ್ಠಿಯಲ್ಲಿ ಈ ಎರಡು ಗುಣಗಳಲ್ಲಿ ಒಂದು ಕೆಟ್ಟರೆ ರಸಭಂಗವಾಗುವುದು. ವಣಿಕ್ಸಭೆಯಲ್ಲಿ, ಎಂದರೆ ಸರಕು, ಬೆಲೆ, ಬಂಡವಾಳ, ಸುಂಕ ಮುಂತಾದ ವ್ಯವಹಾರವಿಷಯಗಳನ್ನು ಒಬ್ಬನು ನಿವೇದಿಸಿ ಹಲವರು ಕೇಳಿ ನಿರ್ಧರಿಸುವ ಸಭೆಯಲ್ಲಿ, ಅದೇ ದೋಷವು ಧನಹಾನಿಗೂ ಸಂಬಂಧಹಾನಿಗೂ ಕಾರಣವಾಗುವುದು. ಇದಕ್ಕೆ ದೃಷ್ಟಾಂತಗಳನ್ನು ಹುಡುಕುವವರಿಗೆ ಉತ್ತರ ಕನ್ನಡದ ಕರಾವಳಿ, ವಿಶೇಷವಾಗಿ ಕಾಳಿನದಿಯ ಅಳಿವೆಯ ಕಾರವಾರವೂ ಅದರ ದಕ್ಷಿಣದ ಅಂಕೋಲೆಯೂ, ಅಮೂಲ್ಯವಾದ ಸಾಮಗ್ರಿಯನ್ನು ಒದಗಿಸುತ್ತವೆ. ಘಟ್ಟದ ಮೇಲಣ ಮೆಣಸು, ಏಲಕ್ಕಿ, ಬಟ್ಟೆಗಳು ಇಲ್ಲಿ ಹಡಗೇರಿದವು. ಅರಬ್ಬರು, ಪೋರ್ತುಗೀಜರು, ಇಂಗ್ಲಿಷರು ಇಲ್ಲಿ ಬಂದು ದೇಶೀಯ ಪ್ರಭುಗಳೊಡನೆಯೂ ವರ್ತಕರೊಡನೆಯೂ ಮಾತನಾಡಬೇಕಾಯಿತು. ಆ ಮಾತುಗಳು ಹೇಗೆ ನಡೆದುವು, ಎಲ್ಲಿ ಕೆಟ್ಟುವು, ಕೆಟ್ಟುದರಿಂದ ಏನಾಯಿತು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಲಾಗಿದೆ.

೨. ಶಬ್ದಗಳ ಸಾಕ್ಷ್ಯ

ಆಚಾರಗಳು ಮರೆತುಹೋದ ಮೇಲೂ ಅವುಗಳ ಕುರುಹು ಶಬ್ದಗಳಲ್ಲಿ ಉಳಿದಿರುವುದುಂಟು. ಕನ್ನಡದಲ್ಲಿ ಆಶ್ವಾಸನವೀಯುವುದಕ್ಕೆ ‘ಮಾತು ಕೊಡು’ ಎಂದೂ, ಲಕ್ಷ್ಯವಿಟ್ಟು ಕೇಳುವುದಕ್ಕೆ ‘ಕಿವಿಗೊಡು’ ಎಂದೂ ಹೇಳುತ್ತಾರೆ. ವಕ್ತೃವು ಕೊಡತಕ್ಕದ್ದು ಮಾತು. ಶ್ರೋತೃವು ಕೊಡತಕ್ಕದ್ದು ಕಿವಿ. ಎರಡು ಕಡೆಯಲ್ಲಿಯೂ ‘ಕೊಡು’ ಎಂಬ ಒಂದೇ ಧಾತುವು ಪ್ರಯುಕ್ತವಾಗಿರುವುದರಿಂದ, ಸಂಭಾಷಣೆಯನ್ನು ಕನ್ನಡಿಗರು ಒಂದು ವಿನಿಮಯವನ್ನಾಗಿ ಭಾವಿಸಿದ್ದರೆಂದು ಹೇಳಬಹುದು. ಕೊಡದೆ ಕೊಳ್ಳುವವನು ಅಂಗಡಿಯಲ್ಲಿ ಹೇಗೆ ನಿಂದ್ಯನೋ ಸಭೆಯಲ್ಲಿಯೂ ಹಾಗೆಯೇ ನಿಂದ್ಯನು.

ವ್ಯಾಪಾರಕ್ಕೆ ಇನ್ನೂ ಸಮೀಪವಾದ ಶಬ್ದವು ‘ಸಂಚಕಾರ’. ಕೊಳ್ಳುವವನು ಮುಂಗಡವಾಗಿ ಕೊಡುವ ಹಣಕ್ಕೆ ಇದು ಹೆಸರು. ಇದು ಸಂಸ್ಕೃತದ ‘ಸತ್ಯಂಕಾರ’ ಶಬ್ದದ ತದ್ಭವ. ಆಡಿದ ಮಾತನ್ನು ಸತ್ಯವನ್ನಾಗಿ ಮಾಡುವುದೇ ಇದರ ಮೂಲಾರ್ಥ. ಕೈಗೆ ಬಂದ ಹಣವು ಬಾಯಿಂದ ಬಂದ ಮಾತಿನ ಕುರುಹೆಂಬ ಭಾವನೆ ಇಲ್ಲಿ ಸ್ಪಷ್ಟವಾಗಿದೆ. ಅದೇ ಶಬ್ದವು ಈಚೆಗೆ ‘ಪ್ರಾಣಕ್ಕೆ ಸಂಚಕಾರ’ ಎಂಬಲ್ಲಿ ಅಪಾಯವೆಂಬ ಅರ್ಥವನ್ನು ತಳೆದಿರುವುದು ಭಾಷೆಯ ವಿನೋದಗಳಲ್ಲೊಂದು.

ದೊರೆಯ ಸಮ್ಮುಖದಲ್ಲಿ ಆಡುವ ಮಾತು ‘ಬಿನ್ನಹ’ ಅಥವಾ ‘ಅರಿಕೆ’. ಬಿನ್ನಹವು ವಿಜ್ಞಾಪನ ಶಬ್ದದ ಸಂಬಂಧಿ. ಅರಿಕೆಯು ಅರಿ ಎಂಬ ಧಾತುವಿನಿಂದ ಬಂದುದು. ಎರಡಕ್ಕೂ ತಿಳಿಯಪಡಿಸುವುದೆಂದೇ ಅರ್ಥ. ಬೇಡುವುದಕ್ಕಿಂತ ಮೊದಲು ತಿಳಿಸಬೇಕೆಂಬ ನೀತಿಯು ಇವುಗಳಲ್ಲಿ ಅಡಗಿದೆ. ವರ್ತಕರ ಲೆಕ್ಕವನ್ನು ಬರೆಯುತ್ತಿದ್ದ, ಮಸಿ ಬಳಿದ ಮಡಿಕೆಬಟ್ಟೆಯ ಪುಸ್ತಕಕ್ಕೆ ‘ಕಡತ’ವೆಂದು ಹೆಸರು. ಸಭೆಯಲ್ಲಿ ಆಡಿದ್ದು ಕಡತಕ್ಕೆ ಏರಿದಾಗಲೇ ವ್ಯವಹಾರವಾಗುವುದು. ಇಂದು ಸರ್ಕಾರದ ಕಚೇರಿಗಳ ಕಾಗದದ ಕಟ್ಟುಗಳಿಗೆ ಅದೇ ಹೆಸರು ಸಲ್ಲುತ್ತಿದೆ.

೩. ಪ್ರಾಚೀನ ಸಭೆಗಳು

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಆಸ್ಥಾನವು ರಾಜನ ಇಪ್ಪತ್ತು ಉಪಭೋಗಗಳಲ್ಲಿ ಒಂದಾಗಿ ಪರಿಗಣಿತವಾಗಿದೆ. ಸ್ನಾನ, ತಾಂಬೂಲ, ಅನ್ನಗಳ ಸಾಲಿನಲ್ಲಿ ಆಸ್ಥಾನವನ್ನೂ ಸೇರಿಸಿರುವುದು ಅರ್ಥಪೂರ್ಣವಾದುದು. ಸಭೆ ಸೇರುವುದು ಕೇವಲ ಕಾರ್ಯನಿರ್ವಾಹವಲ್ಲದೆ ಅಚ್ಚುಕಟ್ಟಾಗಿ ನಡೆದರೆ ಸುಖವನ್ನೂ ಕೊಡತಕ್ಕದ್ದೆಂಬುದು ಆ ಕಾಲದ ಅಭಿಪ್ರಾಯವಾಗಿತ್ತು. ಶಾಸನಗಳಲ್ಲಿ ರಾಜರು ‘ಸುಖಸಂಕಥಾವಿನೋದ’ದಿಂದ ರಾಜ್ಯವಾಳುತ್ತಿದ್ದರೆಂದು ಬರುವ ಪರಿಭಾಷೆಯೂ ಇದಕ್ಕೆ ಪೋಷಕವಾಗಿದೆ.

ವರ್ತಕರಿಗೆ ತಮ್ಮದೇ ಆದ ಸಭೆಗಳೂ ಇದ್ದುವು. ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವಣಿಕ್ಸಂಘದವರು ಬಳ್ಳಿಗಾವೆ ಮೊದಲಾದ ಪಟ್ಟಣಗಳ ಶಾಸನಗಳಲ್ಲಿ ದೀರ್ಘವಾದ ಪ್ರಶಸ್ತಿಗಳೊಡನೆ ಕಾಣಿಸಿಕೊಳ್ಳುತ್ತಾರೆ. ತಮ್ಮ ನಡತೆಯ ಕಟ್ಟಳೆಯನ್ನು ಅವರು ‘ವೀರಬಣಂಜುಧರ್ಮ’ವೆಂದು ಕರೆದುಕೊಂಡರು. ಹಲವು ನಾಡುಗಳ ವರ್ತಕರು ಒಟ್ಟಾಗಿ ನೆರೆದು, ಹೇರಿಗೆ ಇಷ್ಟು, ಮಳಿಗೆಗೆ ಇಷ್ಟು ಎಂದು ತಮ್ಮ ಸರಕುಗಳ ಮೇಲೆ ತಾವೇ ತೆರಿಗೆಯನ್ನು ಹಾಕಿಕೊಂಡು ದೇಗುಲಗಳಿಗೆ ದತ್ತಿಬಿಟ್ಟ ಉದಾಹರಣೆಗಳು ಅನೇಕವಿವೆ. ಕರಾವಳಿಯ ಶಾಸನಗಳಲ್ಲಿ ಬರುವ ‘ಹಂಜಮಾನ’ವೆಂಬುದು ಕಡಲಾಚೆಯಿಂದ ಬಂದ ವರ್ತಕರ ಸಂಘವೆಂದು ವಿದ್ವಾಂಸರ ಮತ. ನುಡಿ, ಮತ, ನಾಡು ಬೇರೆಯಾದವರು ಒಂದೇ ಸಭೆಯಲ್ಲಿ ಕುಳಿತು ಒಮ್ಮತಕ್ಕೆ ಬರಬೇಕಾದರೆ ಮಾತಿನ ಸರದಿಯೂ ಕೇಳುವ ತಾಳ್ಮೆಯೂ ಅವಶ್ಯವಾಗಿಯೇ ಇರಬೇಕು. ಶಾಸನಗಳು ನಿರ್ಣಯವನ್ನು ಮಾತ್ರ ದಾಖಲಿಸಿ ಚರ್ಚೆಯನ್ನು ಬಿಟ್ಟಿವೆ. ಚರ್ಚೆಯ ಚಿತ್ರಕ್ಕಾಗಿ ಪ್ರವಾಸಿಗಳ ಬರಹಗಳನ್ನು ನೋಡಬೇಕಾಗುತ್ತದೆ.

೪. ಕೊಟ್ಟ ಮಾತು ಕೆಟ್ಟಾಗ: ೧೫೬೭

ವೆನಿಸ್ಸಿನ ವರ್ತಕನಾದ ಸೀಸರ್ ಫ್ರೆಡರಿಕನು ೧೫೬೭ರಲ್ಲಿ ವಿಜಯನಗರಕ್ಕೆ ಬಂದನು. ೧೫೬೫ರ ತಾಳೀಕೋಟೆಯ ಯುದ್ಧವು ನಡೆದು ಎರಡು ವರ್ಷಗಳಾಗಿದ್ದುವು. ದಾರಿಗಳು ಅಪಾಯಕರವಾಗಿದ್ದುದರಿಂದ ಅವನು ಅಲ್ಲಿ ಏಳು ತಿಂಗಳು ನಿಲ್ಲಬೇಕಾಯಿತು. ಆಮೇಲೆ ಗೋವೆಗೆ ಹೋಗುವುದಕ್ಕಾಗಿ ಘಟ್ಟವಿಳಿದು ಅಂಕೋಲೆಯ ಬಂದರನ್ನು ಸೇರಿದನು. ವಿಜಯನಗರದ ರಾಜಧಾನಿಗೂ ಗೋವೆಯ ಕಡಲದಾರಿಗೂ ನಡುವಣ ಕೊಂಡಿಯಾಗಿ ಅಂಕೋಲೆಯು ಆಗ ಇದ್ದಿತೆಂಬುದಕ್ಕೆ ಈ ಪ್ರವಾಸವು ನಿದರ್ಶನ.

ಫ್ರೆಡರಿಕನು ಹೇಳುವ ಕುದುರೆಗಳ ಸಂಗತಿಯು ಪ್ರಕೃತ ವಿಷಯಕ್ಕೆ ಬಹು ಮುಖ್ಯವಾದುದು. ಯುದ್ಧದಲ್ಲಿ ಕುದುರೆಗಳನ್ನು ಕಳೆದುಕೊಂಡಿದ್ದ ತಿರುಮಲರಾಯನು, ಹೊಸ ಕುದುರೆಗಳನ್ನು ತಂದವರಿಗೆ ಅವುಗಳ ಬೆಲೆಯನ್ನಲ್ಲದೆ ಹಿಂದೆ ಹೋದ ಕುದುರೆಗಳ ಹಣವನ್ನೂ ಸಲ್ಲಿಸುವುದಾಗಿ ಸಾರಿದನಂತೆ. ಆ ಮಾತನ್ನು ನಂಬಿ ಪೋರ್ತುಗೀಜ ವರ್ತಕರು ಕುದುರೆಗಳನ್ನು ತಂದರು. ಕುದುರೆಗಳು ಲಾಯವನ್ನು ಸೇರಿದ ತರುವಾಯ ಅವರಿಗೆ ಬರಿಗೈಯಲ್ಲಿ ಮರಳಬೇಕಾಯಿತು. ಕುದುರೆಯ ವ್ಯಾಪಾರವು ವಿಜಯನಗರದ ಸೈನ್ಯಬಲಕ್ಕೆ ಆಧಾರವಾಗಿದ್ದ ಕಾಲವದು. ಹೊರಗಿನಿಂದ ನೋಡುವವರಿಗೆ ಅಂದಿನ ಸಭೆಯಲ್ಲಿ ಮಾತು ಸೌಜನ್ಯಯುತವಾಗಿಯೇ ಇದ್ದಿರಬಹುದು. ಆದರೆ ಸಂಚಕಾರದ ಮೂಲಾರ್ಥವಾದ ಸತ್ಯವು ಅದರಲ್ಲಿ ಇರಲಿಲ್ಲ. ವಿನಯದ ಧ್ವನಿಯಿಂದ ಮರ್ಯಾದೆ ಪೂರ್ಣವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

೫. ಇಕ್ಕೇರಿಯ ಭೇಟಿ: ೧೬೨೩

ವಿಜಯನಗರದ ತರುವಾಯ ಈ ಕರಾವಳಿಯ ಮೆಣಸಿನ ವ್ಯವಹಾರದಲ್ಲಿ ಘಟ್ಟದ ಮೇಲಣ ನಾಯಕರು ಪ್ರಬಲರಾದರು. ೧೬೨೩ರಲ್ಲಿ ಗೋವೆಯ ಪೋರ್ತುಗೀಜರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದರು. ಅವನ ಜೊತೆಯಲ್ಲಿ ಇಟಲಿಯ ಪ್ರವಾಸಿಯಾದ ಪಿಯೆತ್ರೊ ದೆಲ್ಲಾ ವಾಲ್ಲೆಯೂ ಇದ್ದನು. ಅವರು ಗೋವೆಯಿಂದ ಕಡಲಮಾರ್ಗವಾಗಿ ಕಾರವಾರ, ಅಂಕೋಲೆಗಳ ತೀರವನ್ನು ಹಾದು ಹೊನ್ನಾವರದಲ್ಲಿ ಇಳಿದು, ಗೇರಸೊಪ್ಪೆಯ ಮೂಲಕ ಘಟ್ಟವನ್ನೇರಿದರು. ಗೋವೆಯಲ್ಲಿ ನಾಯಕನ ದೂತನಾಗಿದ್ದ ವಿಠಲ ಶೆಣೈಯೆಂಬ ಬ್ರಾಹ್ಮಣನೂ ಅವರೊಡನೆ ಹೊರಟಿದ್ದನು. ಮಾತನಾಡಬೇಕಾದ ವಿಷಯಗಳಲ್ಲಿ ಮೆಣಸಿನ ವ್ಯವಹಾರವು ಒಂದು. ನಾಯಕನಿಂದ ರಾಜ್ಯಭ್ರಷ್ಟನಾಗಿದ್ದ ಬಂಗರಸನ ವಿಚಾರವು ಇನ್ನೊಂದು.

ದೆಲ್ಲಾ ವಾಲ್ಲೆಯ ಬರಹದಿಂದ ಇಂತಹ ಭೇಟಿಗಳ ಕ್ರಮವನ್ನು ತಿಳಿಯಬಹುದಾಗಿದೆ. ಬಂದವರು ಬಿಡಾರದಲ್ಲಿ ಕರೆಯನ್ನು ಕಾಯಬೇಕು. ಕಾಣಿಕೆಯು ಮಾತಿಗಿಂತ ಮುಂದೆ ಹೋಗಬೇಕು. ನುಡಿಯು ದುಭಾಷಿಯ ಮೂಲಕ ನಡೆಯಬೇಕು. ವೀಳ್ಯವು ಬಂದೊಡನೆ ಭೇಟಿಯು ಮುಗಿಯಿತೆಂದು ತಿಳಿಯಬೇಕು. ವೀಳ್ಯದ ಈ ಉಪಯೋಗವು ಬಹು ನಯವಾದುದು. ಏಳಿರೆಂದು ಬಾಯಿಬಿಟ್ಟು ಹೇಳಿದರೆ ಬಂದವನಿಗೆ ಅವಮಾನ. ಹೇಳದಿದ್ದರೆ ದೊರೆಗೆ ಕಾಲಹರಣ. ಎಲೆಯಡಕೆಯು ಎರಡು ಕಷ್ಟಗಳನ್ನೂ ಪರಿಹರಿಸಿತು. ವಕ್ತೃವಿಗೆ ಕಾಲದ ಮಿತಿಯನ್ನು ಗೌರವದೊಡನೆ ಸೂಚಿಸುವ ಉಪಾಯವಾಗಿ ಇದಕ್ಕೆ ಸಮನಾದುದು ಇಂದಿನ ಗಂಟೆ, ಚೀಟಿಗಳಲ್ಲಿ ಇಲ್ಲ.

ಆ ಕಾಲದ ರಾಜಕೀಯವೂ ಸಭೆಯ ಧ್ವನಿಯನ್ನು ನಿರ್ಣಯಿಸಿತು. ೧೬೨೨ರಲ್ಲಿ ಹೊರ್ಮುಜ್ ದ್ವೀಪವು ಪೋರ್ತುಗೀಜರ ಕೈಬಿಟ್ಟುಹೋಗಿತ್ತು. ಕಡಲ ಮೇಲೆ ಅವರ ಬಲವು ಕುಗ್ಗುತ್ತಿರುವುದನ್ನು ಅರಿತ ದೊರೆಯ ಮುಂದೆ ಹಳೆಯ ದರ್ಪದಿಂದ ಮಾತನಾಡುವುದು ಸಾಧ್ಯವಿರಲಿಲ್ಲ. ಶ್ರೋತೃವಿಗೆ ಏನು ತಿಳಿದಿದೆಯೆಂಬುದನ್ನು ವಕ್ತೃವು ಮೊದಲೇ ತಿಳಿದಿರಬೇಕೆಂಬ ನಿಯಮವು ಇದರಿಂದ ಹೊರಡುತ್ತದೆ.

ಇದೇ ಪ್ರಯಾಣದಲ್ಲಿ ಘಟ್ಟದ ಮೇಲಣ ಒಂದು ದೇಗುಲದ ಮೊಗಸಾಲೆಯಲ್ಲಿ ಕೆಲವು ಹುಡುಗರು ಗುರುವಿಲ್ಲದೆಯೆ ಲೆಕ್ಕವನ್ನು ಕಲಿಯುತ್ತಿದ್ದುದನ್ನು ದೆಲ್ಲಾ ವಾಲ್ಲೆಯು ಕಂಡನು. ಒಬ್ಬನು ಪಾಠವನ್ನು ರಾಗವಾಗಿ ಹಾಡುತ್ತ ನೆಲದ ಮರಳಿನಲ್ಲಿ ಬರೆಯುವನು. ಉಳಿದವರು ಕೂಡಿಯೇ ಹಾಡಿ ಬರೆಯುವರು. ಮರೆತರೆ ಯಾರನ್ನು ಕೇಳುವಿರೆಂದು ಪ್ರಶ್ನಿಸಿದಾಗ, ಎಲ್ಲರೂ ಒಂದೇ ಸಲ ಮರೆಯುವುದು ಸಂಭವವಿಲ್ಲವೆಂಬ ಅರ್ಥದ ಉತ್ತರವು ಬಂದಿತು. ಈ ಸಂಗತಿಯು ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಸಭಾಮರ್ಯಾದೆಯ ವಿಚಾರದಲ್ಲಿಯೂ ಅದಕ್ಕೆ ಸ್ಥಾನವುಂಟು. ನಾಯಕನ ಆಸ್ಥಾನದಲ್ಲಿ ನುಡಿಯುವವನೂ ಕೇಳುವವನೂ ಪದವಿಯಿಂದ ಬೇರ್ಪಟ್ಟಿದ್ದರು. ಮೊಗಸಾಲೆಯ ಮಕ್ಕಳಲ್ಲಿ ಪ್ರತಿಯೊಬ್ಬನೂ ಸರದಿಯ ಪ್ರಕಾರ ವಕ್ತೃವೂ ಶ್ರೋತೃವೂ ಆಗಿದ್ದನು. ಮುಂದಿನ ಶತಮಾನಗಳಲ್ಲಿ ವಣಿಕ್ಸಭೆಯು ಮೊದಲನೆಯ ಮಾದರಿಯಿಂದ ಎರಡನೆಯದರ ಕಡೆಗೆ ನಡೆದು ಬಂದಿತು.

೬. ಕಾರವಾರದ ಕೋಠಿ ಮತ್ತು ೧೬೬೫ರ ಉತ್ತರ

ಮೆಣಸಿನ ಕೀರ್ತಿಯನ್ನು ಕೇಳಿ ಸರ್ ವಿಲಿಯಂ ಕೋರ್ಟೀನನ ಕಂಪೆನಿಯವರು ೧೬೩೮ರಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿಯನ್ನು ತೆರೆದರು. ಆಗಿನ ಕಾರವಾರವು ಇಂದಿನ ಪಟ್ಟಣದಿಂದ ಸುಮಾರು ಮೂರು ಮೈಲು ಮೂಡಲಲ್ಲಿ, ಕಾಳಿನದಿಯ ದಡದ ಮೇಲಿದ್ದಿತು. ೧೬೬೦ರ ಹೊತ್ತಿಗೆ ಕೋಠಿಯು ಏಳಿಗೆಗೆ ಬಂದು, ಪಶ್ಚಿಮ ಹಿಂದೂಸ್ಥಾನದಲ್ಲಿಯೇ ಅತಿ ನಯವಾದ ಮಲ್‌ಮಲ್ ಬಟ್ಟೆಯನ್ನು ರಫ್ತುಮಾಡುತ್ತಿತ್ತು. ಹುಬ್ಬಳ್ಳಿ ಮೊದಲಾದೆಡೆಗಳಲ್ಲಿ ೫೦,೦೦೦ ನೇಕಾರರು ಇದಕ್ಕಾಗಿ ದುಡಿಯುತ್ತಿದ್ದರೆಂದು ಮುಂಬಯಿ ಗ್ಯಾಸೆಟಿಯರು ಹೇಳುತ್ತದೆ. ಇಷ್ಟು ಜನರ ಅನ್ನವು ಒಂದು ಅಳಿವೆಯ ದಡದ ಕೆಲವರ ಮಾತಿನ ಮೇಲೆ ನಿಂತಿತ್ತೆಂದರೆ ಆ ಮಾತಿನ ತೂಕವು ವಿದಿತವಾಗುವುದು.

೧೬೬೫ರ ಫೆಬ್ರುವರಿಯಲ್ಲಿ ಶಿವಾಜಿಯು ಬಸರೂರನ್ನು ಸೂರೆಗೊಂಡು, ಗೋಕರ್ಣದಲ್ಲಿ ತೀರ್ಥಸ್ನಾನಮಾಡಿ, ೪,೦೦೦ ಕಾಲಾಳುಗಳೊಡನೆ ಅಂಕೋಲೆಗೆ ಬಂದು ಅಲ್ಲಿಂದ ಕಾರವಾರದ ಕಡೆಗೆ ನಡೆದನು. ಸುದ್ದಿಯನ್ನು ತಿಳಿದ ಇಂಗ್ಲಿಷರು ತಮ್ಮ ಹಣವನ್ನೂ ಬೆಲೆಯುಳ್ಳ ಸರಕನ್ನೂ ನದಿಯಲ್ಲಿದ್ದ ಮಸ್ಕತಿನ ಒಂದು ಚಿಕ್ಕ ಹಡಗಿಗೆ ಸಾಗಿಸಿದರು. ಬಿಜಾಪುರದ ಬಹಲೋಲಖಾನನ ಅಧಿಕಾರಿಯಾದ ಶೇರಖಾನನು ಹಿಂದಿನ ರಾತ್ರಿಯೇ ಊರಿಗೆ ಬಂದಿದ್ದನು. ಅವನು ಪಟ್ಟಣವನ್ನು ಬಿಟ್ಟುಕೊಡಲೊಪ್ಪದೆ, ಅದರ ರಕ್ಷಣೆಗೆ ತಾನು ನಿಲ್ಲುವುದಾಗಿ ಶಿವಾಜಿಗೆ ತಿಳಿಸಿದನು. ಶಿವಾಜಿಯು ನದಿಯ ಅಳಿವೆಯ ಕಡೆಗೆ ಸರಿದು, ಇಂಗ್ಲಿಷ್ ವರ್ತಕರನ್ನಾದರೂ ತನ್ನ ವಶಕ್ಕೆ ಕೊಡಬೇಕೆಂದು, ಇಲ್ಲವಾದರೆ ಶೇರಖಾನನು ದೂರಸರಿದು ತಾನೇ ಅವರನ್ನು ನೋಡಿಕೊಳ್ಳುವಂತೆ ಮಾಡಬೇಕೆಂದು ಹೇಳಿಕಳುಹಿಸಿದನು.

ಶೇರಖಾನನು ಇಂಗ್ಲಿಷರ ಅಭಿಪ್ರಾಯವನ್ನು ಕೇಳಿದನು. ತಮ್ಮ ಹಡಗಿನಲ್ಲಿ ಮದ್ದುಗುಂಡುಗಳ ಹೊರತು ಬೇರೇನೂ ಇಲ್ಲವೆಂದೂ, ಬಂಗಾರಕ್ಕೆ ಬದಲಾಗಿ ಅವು ಸಾಲುವುದಾದರೆ ಬಂದು ಒಯ್ಯಬಹುದೆಂದೂ ಅವರು ಉತ್ತರವಿತ್ತರು. ಈ ಉತ್ತರವು ಶಿವಾಜಿಗೆ ಮುಟ್ಟಿದಾಗ ಅವನ ಕೋಪವು ಹೆಚ್ಚಿ, ಹೊರಡುವುದಕ್ಕೆ ಮೊದಲು ಅವರನ್ನು ಹಿಡಿಯದೆ ಬಿಡೆನೆಂದನಂತೆ. ಆಗ ಭಯಗೊಂಡವರು ಊರಿನ ಇತರ ವರ್ತಕರು. ಅವರೆಲ್ಲರೂ ಸೇರಿ ಕಾಣಿಕೆಯೊಂದನ್ನು ಕೂಡಿಸಿ ಒಪ್ಪಿಸಲು ನಿಶ್ಚಯಿಸಿದರು. ಇಂಗ್ಲಿಷರ ಪಾಲಿಗೆ ೧೧೨ ಪೌಂಡುಗಳು ಬಂದುವು.

ಈ ಉತ್ತರವನ್ನು ಧೈರ್ಯಕ್ಕೆ ಉದಾಹರಣೆಯಾಗಿ ಕೊಂಡಾಡುವುದುಂಟು. ವಣಿಕ್ಸಭೆಯ ದೃಷ್ಟಿಯಿಂದ ನೋಡಿದರೆ ಬೇರೆ ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಆ ಮಾತು ನಿಜವಾಗಿರಲಿಲ್ಲ; ಹಣವು ಹಡಗಿನಲ್ಲಿಯೇ ಇದ್ದಿತು. ಎರಡನೆಯದಾಗಿ, ಅದನ್ನು ಆಡಿದವರು ಹಡಗಿನಲ್ಲಿದ್ದರು. ಅದರ ಫಲವನ್ನು ಅನುಭವಿಸಬೇಕಾದವರಲ್ಲಿ ಬಹುಜನರು ಊರಿನಲ್ಲಿದ್ದರು. ಮೂರನೆಯದಾಗಿ, ವ್ಯಂಗ್ಯದ ಮಾತು ಮಧ್ಯಸ್ಥನ ಮೂಲಕ ಹೋದಾಗ ಆಡಿದವನ ಮುಖಭಾವವು ಜೊತೆಯಲ್ಲಿ ಹೋಗುವುದಿಲ್ಲ, ಅದರ ಮೊನೆ ಮಾತ್ರ ಹೋಗುತ್ತದೆ. ಕಾಣಿಕೆಯ ಬೇಡಿಕೆಯು ಹೇಗೂ ಬರುತ್ತಿತ್ತೆಂದು ವಾದಿಸಬಹುದು. ಆದರೆ ಆ ಉತ್ತರವು ಬೇಡಿಕೆಯನ್ನು ತಗ್ಗಿಸಲಿಲ್ಲವೆಂಬುದು ನಿರ್ವಿವಾದ. ಹಲವರ ಪರವಾಗಿ ಮಾತನಾಡುವವನು ತನ್ನ ವಾಕ್ಚಾತುರ್ಯಕ್ಕೆ ಇತರರಿಂದ ಬೆಲೆ ತೆರಿಸಬಾರದೆಂಬ ನೀತಿಯನ್ನು ಕಾರವಾರದ ವರ್ತಕರು ಆ ದಿನ ಹಣಕೊಟ್ಟು ಕಲಿತರು.

ಸಭೆಯ ಹೊರಗಣ ನಡತೆಯೂ ಸಭೆಯ ಒಳಕ್ಕೆ ಬರುವುದೆಂಬುದಕ್ಕೆ ಇನ್ನೊಂದು ಸಂಗತಿಯನ್ನು ಹೇಳಬೇಕು. ಕೋಠಿಯು ೧೬೭೯ರಲ್ಲಿ ಮುಚ್ಚಿ ೧೬೮೨ರಲ್ಲಿ ಮತ್ತೆ ದೊಡ್ಡದಾಗಿ ತೆರೆಯಿತು. ಎರಡೇ ವರ್ಷಗಳಲ್ಲಿ, ೧೬೮೪ರಲ್ಲಿ, ಒಂದು ಚಿಕ್ಕ ಹಡಗಿನ ನಾವಿಕರು ಹಸುವೊಂದನ್ನು ಕದ್ದು ಕೊಂದುದರಿಂದ ಇಂಗ್ಲಿಷರು ಕಾರವಾರವನ್ನೇ ಬಿಟ್ಟು ಹೋಗಬೇಕಾಗುವ ಸ್ಥಿತಿಯು ಬಂದಿತು. ಕೇಳುವವರ ಮನಸ್ಸಿನಲ್ಲಿ ಪವಿತ್ರವಾದುದು ಯಾವುದೆಂದು ಅರಿಯದವನಿಗೆ ಎಷ್ಟು ಒಳ್ಳೆಯ ಸರಕಿದ್ದರೂ ಪ್ರಯೋಜನವಿಲ್ಲ. ಮುಂದೆ ಸೋದೆಯ ಅರಸರು ಸದಾಶಿವಗಡವನ್ನು ಕಟ್ಟಿದ ಮೇಲೆ ಕೋಠಿಯ ಸ್ಥಿತಿಯು ಅನಿಶ್ಚಿತವಾಯಿತು. ೧೭೫೨ರಲ್ಲಿ ಪೋರ್ತುಗೀಜರು ಆ ಗಡವನ್ನು ಹಿಡಿದು ವ್ಯಾಪಾರದ ಏಕಸ್ವಾಮ್ಯವನ್ನು ಸಾಧಿಸಹೊರಟಾಗ ಇಂಗ್ಲಿಷರು ಹಿಂದೆಗೆದರು.

೭. ದುಭಾಷಿ ಮತ್ತು ಮೌನ

ಮನೆಯಲ್ಲಿ ಕೊಂಕಣಿ, ಘಟ್ಟದ ಮೇಲಿನವರೊಡನೆ ಕನ್ನಡ, ಬಿಜಾಪುರದ ಅಧಿಕಾರಿಗಳ ಕಾಗದಗಳಲ್ಲಿ ಪಾರಸಿ, ಹಡಗಿನವರೊಡನೆ ಪೋರ್ತುಗೀಜು ಎಂಬಂತೆ ಹಲವು ನುಡಿಗಳು ಬೆರೆತಿದ್ದ ಈ ಕರಾವಳಿಯಲ್ಲಿ ದುಭಾಷಿಗೆ ವಿಶೇಷವಾದ ಸ್ಥಾನವಿದ್ದಿತು. ಅವನು ಮೊದಲು ಶ್ರೋತೃ, ಆಮೇಲೆ ವಕ್ತೃ. ಕವಿರಾಜಮಾರ್ಗವು ಹೇಳುವ ಎರಡು ಗುಣಗಳೂ ಒಬ್ಬನಲ್ಲಿಯೇ ಕೂಡಬೇಕಾದ ಉದ್ಯೋಗವದು. ದುಭಾಷಿಯಿರುವ ಸಭೆಯಲ್ಲಿ ಮಾತು ಚಿಕ್ಕದಾಗಿರಬೇಕು, ತುಂಡುತುಂಡಾಗಿರಬೇಕು; ಗಾದೆ, ಶ್ಲೇಷೆ, ವಕ್ರೋಕ್ತಿಗಳು ಕಡಿಮೆಯಾಗಿರಬೇಕು. ೧೬೬೫ರ ಉತ್ತರವು ಈ ನಿಯಮವನ್ನು ಮೀರಿದುದಾಗಿತ್ತು.

ಮಾತನ್ನೇ ಬಿಟ್ಟು ವ್ಯವಹರಿಸಿದವರೂ ಇದ್ದರು. ಬಿಜಾಪುರದ ರಾಜ್ಯದಲ್ಲಿದ್ದ ರಾವೋಲಕೊಂಡದ ವಜ್ರದ ಪೇಟೆಯನ್ನು ಫ್ರೆಂಚ್ ರತ್ನವರ್ತಕನಾದ ತಾವೆರ್ನಿಯೆಯು ಹದಿನೇಳನೆಯ ಶತಮಾನದಲ್ಲಿ ವರ್ಣಿಸಿದ್ದಾನೆ. ಕೊಡುವವನೂ ಕೊಳ್ಳುವವನೂ ಎದುರುಬದುರಾಗಿ ಕುಳಿತು, ಬಟ್ಟೆಯ ಮರೆಯಲ್ಲಿ ಕೈಹಿಡಿದು, ಬೆರಳುಗಳ ಸನ್ನೆಯಿಂದಲೇ ಬೆಲೆಯನ್ನು ನಿಶ್ಚಯಿಸುವರು. ಸುತ್ತ ಕುಳಿತವರಿಗೆ ಒಂದೂ ತಿಳಿಯದು. ಹತ್ತರಿಂದ ಹದಿನಾರು ವರ್ಷದೊಳಗಣ ವರ್ತಕಪುತ್ರರು ಮರದ ಕೆಳಗೆ ನೆರೆದಿರುವರು; ಬಂದ ಕಲ್ಲು ಹಿರಿಯ ಹುಡುಗನಿಂದ ಹೊರಟು ಕೈಯಿಂದ ಕೈಗೆ ಹೋಗಿ ಮತ್ತೆ ಅವನಿಗೇ ಮರಳುವವರೆಗೆ ಯಾರೂ ತುಟಿ ಬಿಚ್ಚರು. ಎಲ್ಲರೂ ನೋಡಿ ಮುಗಿಯುವವರೆಗೆ ಯಾರೂ ಅಭಿಪ್ರಾಯ ಹೇಳದಿರುವ ಈ ಸಂಯಮವು ಬಹು ಮಾರ್ಮಿಕವಾದುದು. ಮೊದಲು ನುಡಿದವನ ಮಾತು ಉಳಿದವರ ಕಣ್ಣನ್ನು ಕಟ್ಟುವುದೆಂಬುದನ್ನು ಆ ಮಕ್ಕಳಿಗೆ ಹಿರಿಯರು ಕಲಿಸಿದ್ದಿರಬೇಕು.

ಈ ಜಿಲ್ಲೆಯಲ್ಲಿಯೇ ಅದರ ಛಾಯೆಯು ಉಳಿದುಬಂದಿದೆ. ೧೯೨೩ರಲ್ಲಿ ಸ್ಥಾಪಿತವಾದ ಶಿರಸಿಯ ತೋಟಗಾರರ ಸಹಕಾರಿ ಸಂಘದಂತಹ ಸಂಸ್ಥೆಗಳ ಅಡಕೆಯ ಮಾರಾಟದಲ್ಲಿ ರಾಶಿಯು ಎಲ್ಲರೆದುರು ತೆರೆದಿರುತ್ತದೆ, ಬೆಲೆಯ ಚೀಟಿಯು ಮುಚ್ಚಿರುತ್ತದೆ. ಸರಕನ್ನು ಬಯಲಿಗಿಟ್ಟು ಅಭಿಪ್ರಾಯವನ್ನು ಕಾಲ ಬರುವವರೆಗೆ ಮರೆಯಲ್ಲಿಡುವುದು ಎರಡು ಪದ್ಧತಿಗಳಿಗೂ ಸಮಾನವಾದ ತತ್ತ್ವ.

೮. ಹತ್ತಿಯ ಆಸೆ: ೧೮೬೧ ಮತ್ತು ಅನಂತರ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಾರವಾರದ ವಿಷಯವಾದ ನಿವೇದನೆಗಳು ಸಮುದ್ರವನ್ನು ದಾಟಿ ಮ್ಯಾಂಚೆಸ್ಟರಿನವರೆಗೆ ಹೋದುವು. ೧೮೬೧ರಲ್ಲಿ ಅಮೇರಿಕದ ಅಂತರ್ಯುದ್ಧವು ಮೊದಲಾಗಿ ಅಲ್ಲಿನ ಹತ್ತಿಯು ಬರುವುದು ನಿಲ್ಲಲಾಗಿ, ಧಾರವಾಡ ಪ್ರಾಂತದ ಹತ್ತಿಯನ್ನು ಘಟ್ಟವಿಳಿಸಿ ಸದಾಶಿವಗಡದ ಬಳಿಯ ಬಂದರಿನಿಂದ ನೇರವಾಗಿ ಒಯ್ಯಬಹುದೆಂಬ ಯೋಜನೆಯು ಬಲಗೊಂಡಿತು. ಅದೇ ವರ್ಷ ಮ್ಯಾಂಚೆಸ್ಟರ್ ಕಾಟನ್ ಕಂಪೆನಿಯ ಕಾರ್ಯದರ್ಶಿಯಾದ ಹೇವುಡ್ ಎಂಬವನು ಇಲ್ಲಿಗೆ ಬಂದನು. ಹತ್ತಿಯನ್ನು ಒತ್ತುವ ಯಂತ್ರಗಳೂ ಬಂದುವು. ಆದರೆ ಸಿದ್ಧವಾಗಿರುವುದೆಂದು ನಂಬಿದ್ದ ದಾರಿಯು ಸಿದ್ಧವಾಗಿರಲಿಲ್ಲ; ಭಾರವಾದ ಯಂತ್ರಗಳನ್ನು ಇಳಿಸುವ ಸೌಕರ್ಯವೂ ಇರಲಿಲ್ಲ. ಸರ್ಕಾರವು ಮಾತಿಗೆ ತಪ್ಪಿತೆಂದು ಕಂಪೆನಿಯವರು ದೂರಿದರು; ಅವಸರಪಟ್ಟರೆಂದು ಸರ್ಕಾರದವರು ಕಂಪೆನಿಯನ್ನು ದೂರಿದರು.

ಇಲ್ಲಿ ದೋಷವು ಎರಡು ಕಡೆಗೂ ಹಂಚಿಕೆಯಾಗಿದೆ. ಆಗಬೇಕಾದುದನ್ನು ಆಗಿರುವುದೆಂಬಂತೆ ಹೇಳುವುದು ವಕ್ತೃವಿನ ದೋಷ. ಎಂದು, ಎಷ್ಟು, ಯಾರ ಹೊಣೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಒಪ್ಪಿಕೊಳ್ಳುವುದು ಶ್ರೋತೃವಿನ ದೋಷ. ಇಕ್ಕೇರಿಯ ಆಸ್ಥಾನದಲ್ಲಿ ಪ್ರಶ್ನೆ ಕೇಳುವುದು ದೊರೆಗೆ ಮಾತ್ರ ಸಲ್ಲುತ್ತಿ­ತ್ತು; ಬಂಡವಾಳದ ಯುಗದಲ್ಲಿ ಹಣ ಹಾಕುವ ಪ್ರತಿಯೊಬ್ಬನಿಗೂ ಅದು ಕರ್ತವ್ಯವಾಯಿತು.

ಹತ್ತಿಯ ಈ ಒತ್ತಾಯವೂ ಒಂದು ಕಾರಣವಾಗಿ ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು. ಹೊಸ ಕಾರವಾರವು ಜಿಲ್ಲೆಯ ಮುಖ್ಯ ಪಟ್ಟಣವಾಗಿ ಬೆಳೆಯಿತು. ಬಂದರಿಗೆ ರೈಲುದಾರಿ ಬರಬೇಕೆಂಬ ಬಿನ್ನಹವು ಬಹುಕಾಲ ನಡೆದರೂ, ೧೮೮೮ರ ಹೊತ್ತಿಗೆ ದಾರಿಯು ಗೋವೆಯ ಮುರಗಾವಿಗೆ ಹೋಯಿತು. ಕಾರವಾರದ ವ್ಯಾಪಾರವು ಇಳಿಮುಖವಾಯಿತು. ಕಾರವಾರ, ಅಂಕೋಲೆಗಳ ಮೂಲಕ ಹಾಯುವ ಕೊಂಕಣ ರೈಲುದಾರಿಯು ಪೂರ್ಣವಾಗಿ ತೆರೆದುದು ೧೯೯೮ರಲ್ಲಿ. ಒಂದು ಬಿನ್ನಹಕ್ಕೂ ಅದರ ಫಲಕ್ಕೂ ನಡುವೆ ಶತಮಾನಕ್ಕಿಂತ ಹೆಚ್ಚು ಕಾಲವು ಕಳೆದುಹೋಯಿತು.

೯. ಠರಾವಿನ ಯುಗ

ಇಪ್ಪತ್ತನೆಯ ಶತಮಾನದಲ್ಲಿ ವಣಿಕ್ಸಭೆಗೆ ಹೊಸ ರೂಪವು ಬಂದಿತು. ೧೯೦೪ರ ಸಹಕಾರಿ ಸಂಘಗಳ ಶಾಸನದ ಮೇರೆಗೆ ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಂಘವು ಹುಟ್ಟಿತು. ಸಹಕಾರದ ಮೂಲತತ್ತ್ವದಂತೆ ಹಣ ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ. ಕಾಣಿಕೆಯ ಭಾರದಿಂದ ಮಾತಿಗೆ ಬೆಲೆ ಬರುತ್ತಿದ್ದ ಪದ್ಧತಿಗೆ ಇದು ನೇರವಾದ ಉತ್ತರವಾಗಿದೆ. ಅಧ್ಯಕ್ಷನನ್ನು ಉದ್ದೇಶಿಸಿ ನುಡಿಯಬೇಕು, ಒಬ್ಬನು ಸೂಚಿಸಿದುದನ್ನು ಇನ್ನೊಬ್ಬನು ಅನುಮೋದಿಸಬೇಕು, ತಿದ್ದುಪಡಿಗೆ ಅವಕಾಶವಿರಬೇಕು, ನಡೆದುದನ್ನು ಬರೆದು ಮುಂದಿನ ಸಭೆಯಲ್ಲಿ ಓದಬೇಕು ಎಂಬ ನಿಯಮಗಳು ಹಳ್ಳಿಹಳ್ಳಿಗೂ ಹಬ್ಬಿದುವು. ಮುಂಬಯಿ ಪ್ರಾಂತದ ಕನ್ನಡದಲ್ಲಿ ನಿರ್ಣಯಕ್ಕೆ ಮರಾಠಿಯಿಂದ ಬಂದ ‘ಠರಾವು’ ಎಂಬ ಶಬ್ದವೂ, ಮೈಸೂರಿನ ಕಡೆ ‘ಗೊತ್ತುವಳಿ’ ಎಂಬ ಶಬ್ದವೂ ರೂಢವಾದುವು. ಶಬ್ದಗಳು ಬೇರೆಯಾದರೂ ಅಭಿಪ್ರಾಯವು ಒಂದೇ: ಚಲಿಸುತ್ತಿದ್ದ ಮಾತು ನೆಲೆನಿಲ್ಲುವುದು.

ಈ ಹೊಸ ಸಭೆಗಳಿಗೆ ಕರಾವಳಿಯ ಜನರು ಸಿದ್ಧರಿಲ್ಲದೆ ಬಂದವರಲ್ಲ. ತಾಳಮದ್ದಳೆಯ ಕೂಟಗಳಲ್ಲಿ ಒಬ್ಬನು ಅರ್ಥ ಹೇಳುವಾಗ ಎದುರಾಳಿಯು ಕಾದಿದ್ದು, ಅವನ ಮಾತಿನ ಎಳೆಯನ್ನೇ ಹಿಡಿದು ಉತ್ತರಿಸುವ ಶಿಸ್ತು ಅವರಿಗೆ ಪರಿಚಿತವಾಗಿತ್ತು. ಕೇಳದವನಿಗೆ ಅಲ್ಲಿ ಉತ್ತರವು ಹೊಳೆಯದು. ೧೯೩೦ರ ಏಪ್ರಿಲ್ ೧೩ರಂದು ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದಾಗ ಸಾವಿರಾರು ಜನರು ಕಡಲದಂಡೆಯಲ್ಲಿ ನೆರೆದು ಶಾಂತಿಯನ್ನು ಕಾಪಾಡಿಕೊಂಡರು. ಅದು ವ್ಯಾಪಾರದ ಸಭೆಯಾಗಿರಲಿಲ್ಲ. ಆದರೂ ಒಂದು ಸರಕಿನ ಮೇಲಣ ತೆರಿಗೆಯ ನ್ಯಾಯಾನ್ಯಾಯವನ್ನು ಶ್ರೋತೃಗಳೇ ನಿರ್ಧರಿಸಿದ ಸಂದರ್ಭವಾಗಿತ್ತು.

೧೦. ಉಪಸಂಹಾರ

ಮೇಲಣ ಸಂಗತಿಗಳಿಂದ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. ವಕ್ತೃವು ತನ್ನ ಮಾತಿನಲ್ಲಿ ಆಗಿರುವುದನ್ನೂ ಆಗಬೇಕಾದುದನ್ನೂ ಬೇರ್ಪಡಿಸಿ ಹೇಳಬೇಕು. ಕೇಳುವವರ ಕಾಲವನ್ನೂ ನಂಬಿಕೆಯನ್ನೂ ಅವರಿಗೆ ಆಗಲೇ ತಿಳಿದಿರುವುದನ್ನೂ ಗೌರವಿಸಬೇಕು. ಹಲವರ ಪರವಾಗಿ ನುಡಿಯುವಾಗ ವ್ಯಂಗ್ಯವನ್ನು ತೊರೆಯಬೇಕು. ವೀಳ್ಯ ಬರುವುದಕ್ಕೆ ಮೊದಲೇ ಮುಗಿಸಬೇಕು. ಶ್ರೋತೃವು ಸರಕನ್ನು ಪೂರ್ಣವಾಗಿ ನೋಡುವವರೆಗೆ ಅಭಿಪ್ರಾಯವನ್ನು ತಡೆದಿರಬೇಕು. ತಿಳಿಯದುದನ್ನು ಸಭೆಯಲ್ಲಿಯೇ ಪ್ರಶ್ನಿಸಬೇಕು. ಒಪ್ಪಿದ ಮೇಲೆ ತಪ್ಪಬಾರದು.

ಇವುಗಳಲ್ಲಿ ಒಂದಾದರೂ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. ಒಂದೊಂದರ ಹಿಂದೆಯೂ ಹಣ ಸಿಗದೆ ಮರಳಿದ ಕುದುರೆಯ ವರ್ತಕನೋ, ಪರರ ಮಾತಿಗೆ ದಂಡತೆತ್ತ ಕಾರವಾರದ ವ್ಯಾಪಾರಿಯೋ, ದಾರಿಯಿಲ್ಲದ ದಡದಲ್ಲಿ ಇಳಿಯಲಾರದೆ ನಿಂತ ಯಂತ್ರವೋ ಇರುವುದನ್ನು ಕಾಣಬಹುದು. ಮರ್ಯಾದೆಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಲ್ಲೆ, ದಡ ಎಂಬ ಅರ್ಥಗಳುಂಟು. ಕಾಳಿ, ಗಂಗಾವಳಿಗಳ ಅಳಿವೆಗಳಲ್ಲಿ ಬಾಳಿದ ವರ್ತಕರಿಗೆ ಆ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ: ದಡವು ಎರಡೂ ಕಡೆ ಗಟ್ಟಿಯಾಗಿದ್ದರೆ ಮಾತ್ರ ಸರಕು ಹೊತ್ತ ದೋಣಿಯು ಕಡಲನ್ನು ಮುಟ್ಟುವುದು.